ಎರಡು ಬೆರಳಿನ ಮೂಕಿ

ನನ್ನ ತಮ್ಮ ನಮ್ಮನೆಯವರ ಎರಡು ಹಲ್ಲು ಮುರಿದು ಹದಿನೆಂಟು ವರ್ಷವಾಗಿತ್ತು. ಸಿಂಧನೂರಿನಲ್ಲಿ ಮಸ್ಕಿ ರಸ್ತೆಗಿರುವ, ಟ್ರೇಲರು ಕಟ್ಟುವ ನಮ್ಮ ಶೆಡ್ಡಿನ ಬಾಗಿಲಲ್ಲೇ, ಹಾಡುಹಗಲು, ಜಾಕಿನ ಹಿಡಿಕೆಯಿಂದ ಹೊಡೆದಿದ್ದ. ಅದಕ್ಕೆ ಎರಡು ದಿನ ಮೊದಲು ನಮ್ಮನೆಯವರು ನನ್ನ ಎಡಗೆನ್ನೆಗೆ ಹೊಡೆದಿದ್ದರು. ಕಾರಣ ಹೇಳಿದರೆ ಯಾರೂ ನಂಬುವುದಿಲ್ಲ. ಪಕ್ಕದ ಮನೆಯವರು ಪೆಂಡಾಲಿನ ಬಟ್ಟೆ ಅಳೆಯಬೇಕೆಂದು ಕೇಳಿದಾಗ ನಮ್ಮನೆಯವರ ಉಕ್ಕಿನ ಟೇಪು ಕೊಟ್ಟಿದ್ದೆ. ಅದು ತುದಿಯ ಕೊಂಡಿ ಕಿತ್ತುಕೊಂಡು ವಾಪಸ್ಸು ಬಂತು. ನಾನು ನೋಡಲಿಲ್ಲ, ಅವರೂ ನೋಡಲಿಲ್ಲ. ಅದೇ ಟೇಪು ಹಿಡಿದು ಒಂದು ಟ್ರ್ಯಾಕ್ಟರ್ ಟ್ರೇಲರಿನ ಅಚ್ಚು ಕೊಯ್ದರು, ಅಚ್ಚು ಗಿಡ್ಡವಾಯಿತು. ಸಂಜೆ ಮನೆಗೆ ಬಂದವರು ಚಪ್ಪಲಿ ಕೂಡ ಬಿಡಲಿಲ್ಲ. ಒಂದೇ ಏಟು. ನಾನು ಹಿಟ್ಟಿನ ಡಬ್ಬಿಯ ಮೇಲೆ ಬಿದ್ದೆ, ಜೋಳದ ಹಿಟ್ಟು ಅಡುಗೆಮನೆ ತುಂಬ ಹಾರಿತು. ಎಡಗಿವಿ ಅಂದಿನಿಂದ ಮಂದ. ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವ ಮೆಷಿನ್ನು ಕಿರುಚುವಾಗ ಆ ಕಿವಿಯನ್ನೇ ಅದರ ಕಡೆ ತಿರುಗಿಸಿ ನಿಲ್ಲುವುದು ನನಗೆ ರೂಢಿಯಾಗಿದೆ.

ಅದಾದ ಮೇಲೆ ಅವರು ನನ್ನ ಮೇಲೆ ಕೈ ಎತ್ತಲಿಲ್ಲ. ಹಲ್ಲು ಹೋದದ್ದಕ್ಕೆ ಕೈ ನಿಂತಿತೋ, ತಪ್ಪು ತಿಳಿದು ನಿಂತಿತೋ, ನಾನು ಕೇಳಲಿಲ್ಲ. ಆದರೆ ತಮ್ಮ ನಮ್ಮ ಹೊಸ್ತಿಲು ತುಳಿಯುವುದೂ ನಿಂತಿತು. ಅವನು ಲಿಂಗಸೂಗೂರಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನಮ್ಮ ಕಡೆ ನಾಗರ ಪಂಚಮಿಗೆ ತಮ್ಮಂದಿರು ಬಂದು ಅಕ್ಕಂದಿರನ್ನು ತವರಿಗೆ ಕರೆದೊಯ್ಯುತ್ತಾರೆ. ನನ್ನ ತಮ್ಮ ಉಂಡಿಯ ಡಬ್ಬಿ ಹಿಡಿದು ಮಸ್ಕಿ ಬಸ್ ನಿಲ್ದಾಣದವರೆಗೆ ಬರುತ್ತಿದ್ದ. ನಾನು ಸಿಂಧನೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೆಲವು ವರ್ಷ ಇಳಿಯಲೂ ಹೊತ್ತಿರುತ್ತಿರಲಿಲ್ಲ. ಕಿಟಕಿಯಿಂದ ಡಬ್ಬಿ ಒಳಗೆ ಬರುತ್ತಿತ್ತು, ಹೋದ ವರ್ಷದ ಖಾಲಿ ಡಬ್ಬಿ ಹೊರಗೆ ಹೋಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಅವನು ತನ್ನ ಹಳೆಯ ಜೀಪನ್ನು ತಂದು ನಮ್ಮ ಶೆಡ್ಡಿನ ಗೇಟಿಗೆ ಅಡ್ಡ ನಿಲ್ಲಿಸಿದ. ನಾನು ಪಾಠ ಹೇಳುವ ಗೊರೇಬಾಳದ ಶಾಲೆ ಭಾನುವಾರ ಇರುವುದಿಲ್ಲ. ಬುತ್ತಿ ತೆಗೆದುಕೊಂಡು ಶೆಡ್ಡಿಗೆ ಹೋಗಿದ್ದೆ. ನಮ್ಮಲ್ಲಿ ಮೂವತ್ತು ವರ್ಷದಿಂದ ವೆಲ್ಡಿಂಗ್ ಮಾಡುವ ಚಾಚಾ ಮೊದಲು ನೋಡಿದ. ಕಣ್ಣಿನ ಕನ್ನಡಕ ಹಣೆಗೇರಿಸಿ ಒಳಗೆ ಕೂಗಿದ.

"ಮಾಲಕ್ರ, ಹಲ್ಲಿನ ಡಾಕ್ಟರ್ ಬಂದಾರ ನೋಡ್ರಿ!"

ನಮ್ಮನೆಯವರು ತಿರುಗಿ ನೋಡಿದರು. ಕೈಯಲ್ಲಿ ಸುತ್ತಿಗೆ ಇತ್ತು. ನಾನು ಬುತ್ತಿಯ ಗಂಟು ಕೆಳಗಿಟ್ಟು ಇಬ್ಬರ ನಡುವೆ ಹೋಗಿ ನಿಂತೆ. ತಮ್ಮ ಗೇಟಿನ ಆಚೆಯಿಂದಲೇ ಹೇಳಿದ.

"ಅಕ್ಕ, ಮಾವಗ ಹೇಳು. ಜಗಳಕ್ಕ ಬಂದಿಲ್ಲ. ಕೆಲಸ ಐತಿ."

ಕೆಲಸವೆಂದರೆ ಇದು. ಅವನಿಗೂ ಹೆಂಡತಿಗೂ ಮಕ್ಕಳಿಲ್ಲ. ರಜೆ ಬಂತೆಂದರೆ ಜೀಪು ಹತ್ತಿ ಮುದಗಲ್ಲಿನ ಕೋಟೆ, ಕೃಷ್ಣೆಯ ದಂಡೆ, ಮಸ್ಕಿಯ ಗುಡ್ಡ ಎಂದು ತಿರುಗುತ್ತಾರೆ. ರಾತ್ರಿ ಅಲ್ಲೇ ತಾಡಪಾಲು ಕಟ್ಟಿ ನೆಲದ ಮೇಲೆ ಮಲಗುವುದು. ಹಿಂದಿನ ಬೇಸಿಗೆಯಲ್ಲಿ ಅವಳಿಗೆ ಹಾಸಿಗೆಯಲ್ಲೇ ಚೇಳು ಕಡಿದು ಎರಡು ದಿನ ಬಾಯಲ್ಲಿ ನೊರೆ ಬಂದಿತ್ತು. ಅದಕ್ಕೇ ಜೀಪಿನ ಹಿಂದೆ ಎಳೆಯುವ, ಕಲ್ಲು ಮುಳ್ಳಿನ ದಾರಿಯಲ್ಲೂ ಹೋಗುವ, ಮೇಲೆ ಮಲಗಲು ಬರುವ ಒಂದು ಚಿಕ್ಕ ಟ್ರೇಲರು ಬೇಕಾಗಿತ್ತು. ಲಿಂಗಸೂಗೂರಿನ ಶೆಡ್ಡಿನವರು "ಸರ್, ಬಿಡಾರ ಏನೋ ಕಟ್ತೀವ್ರಿ, ಕುರಿ ಎಲ್ಲಿ ಬಿಟ್ಟು ಬಂದ್ರಿ?" ಎಂದು ನಕ್ಕಿದ್ದರಂತೆ. ತುರ್ವಿಹಾಳದಿಂದ ಮಸ್ಕಿಯವರೆಗೆ ಭತ್ತ ಹೊರುವ ಟ್ರೇಲರುಗಳಲ್ಲಿ ಅಚ್ಚು ಮುರಿಯದವು ಯಾರ ಕೈಯವು ಎಂದು ಕೇಳಿದರೆ ಎಲ್ಲರೂ ಒಂದೇ ಶೆಡ್ಡು ತೋರಿಸಿದ್ದರು. ಅದು ಅವನು ಯಾರ ಹಲ್ಲು ಮುರಿದಿದ್ದನೋ ಅವರ ಶೆಡ್ಡು.

ನಮ್ಮನೆಯವರು ಸುತ್ತಿಗೆ ಕೆಳಗಿಡಲಿಲ್ಲ. ನನ್ನ ಮುಖ ನೋಡಿ ಹೇಳಿದರು.

"ನಿನ್ನ ತಮ್ಮಗ ಕೇಳು, ಎಷ್ಟು ಉದ್ದ ಬೇಕಂತ."

ನಾಲ್ಕು ಹೆಜ್ಜೆ ದೂರದಲ್ಲಿ ನಿಂತ ತಮ್ಮ ನನ್ನನ್ನೇ ನೋಡಿ ಉತ್ತರಿಸಿದ. "ಮಾವಗ ಹೇಳು, ಎಂಟು ಫೂಟು."

ಹೀಗೆ ಶುರುವಾಯಿತು. ಅವನು ಪ್ರತಿ ಭಾನುವಾರ ಬರುತ್ತಿದ್ದ. ಮನೆಗಲ್ಲ, ಶೆಡ್ಡಿಗೆ ಮಾತ್ರ. ಆದರೂ ನನ್ನ ಕೈಯ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದ. ಹದಿನೆಂಟು ವರ್ಷದ ಮೇಲೆ ಅವನು ಉಣ್ಣುವುದನ್ನು ನೋಡಿದೆ. ಈಗಲೂ ರೊಟ್ಟಿಯನ್ನು ಮೊದಲು ನಾಲ್ಕು ಹರಿದಿಟ್ಟುಕೊಂಡು ಆಮೇಲೆ ತಿನ್ನುತ್ತಾನೆ. ನಾನು ಲೆಕ್ಕ ಹಾಕಿದ್ದು ಇಷ್ಟೇ: ಈ ಟ್ರೇಲರು ನೆಟ್ಟಗೆ ಓಡಿದರೆ ಶೆಡ್ಡಿನವರೆಗೆ ಬಂದವನು ಮನೆಯವರೆಗೂ ಬರುತ್ತಾನೆ. ಕೆಟ್ಟರೆ ನನಗೆ ಮತ್ತೆ ಬಸ್ಸಿನ ಕಿಟಕಿಯೇ. ಶಾಲೆಯ ಅರ್ಧ ಬರೆದ ಒಂದು ನೋಟುಬುಕ್ಕು ತಂದು, ಇಬ್ಬರೂ ಒಪ್ಪಿದ ಒಂದೊಂದು ಮಾತನ್ನೂ ಬರೆಯತೊಡಗಿದೆ. ಒಪ್ಪದ ಮಾತು ಬರೆದಿದ್ದರೆ ಬುಕ್ಕು ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಮೊದಲ ಹೊಡೆದಾಟ ಕಮಾನು ಪಟ್ಟಿಯ, ಅಂದರೆ ಗಾಲಿಯ ಕುಲುಕು ನುಂಗುವ ಸ್ಪ್ರಿಂಗಿನ, ವಿಷಯಕ್ಕಾಯಿತು. ಭತ್ತದ ಟ್ರೇಲರುಗಳಿಗೆ ಕಮಾನು ಪಟ್ಟಿ ಇರುವುದಿಲ್ಲ. ಅಚ್ಚನ್ನು ನೇರ ಚೌಕಟ್ಟಿಗೇ ಬೆಸೆದಿರುತ್ತಾರೆ. ಇದಕ್ಕೂ ಹಾಗೇ ಸಾಕು ಎಂದರು ನಮ್ಮನೆಯವರು. ತಮ್ಮ ಲಾರಿಯ ಗುಜರಿಯಿಂದ ಎರಡು ಜೋಡಿ ಪಟ್ಟಿ ಹೊತ್ತು ತಂದಿದ್ದ.

"ಅಕ್ಕ, ಹೇಳು ಅವ್ರಿಗೆ. ಕಲ್ಲಿನ ದಾರ್‍ಯಾಗ ಕಮಾನು ಇಲ್ದಿದ್ರ ಪೆಟಗಿ ಬಿಚ್ಕೊಂತೈತಿ."

"ಹೇಳು ಅವಗ. ನಾ ಬೆಸುಗಿ ಹಾಕಿದ್ದು ಇಲ್ಲೀತನಕ ಬಿಚ್ಚಿಲ್ಲ. ಅವ್ನು ಪೋರಗೋಳಿಗೆ ಕವಾಯತು ಕಲಿಸ್ಲಿ."

"ಕವಾಯತು ಕಲಿಸಿದ್ದು ನೆನಪಿಲ್ಲೇನು ಮಾವಗ? ಬಾಯಿ ತೆಗೆದು ನೋಡ್ಕೋ ಅನ್ನು."

ಆ ಮಾತು ಅವನ ಬಾಯಿಂದ ಬಿದ್ದೊಡನೆ ನಮ್ಮನೆಯವರು ಒಂದು ಪಟ್ಟಿ ಎತ್ತಿ ಬೀಸಿದರು. ಅದು ತಮ್ಮನ ಮೊಣಕಾಲಿಗೆ ಎರಡು ಗೇಣು ದೂರದಲ್ಲಿ ನೆಲಕ್ಕೆ ಬಡಿದು, ಪುಟಿದು, ಕುಡಿಯುವ ನೀರಿನ ಮಣ್ಣಿನ ಹರವಿಯನ್ನು ಚೂರು ಮಾಡಿತು. ತಮ್ಮ ಹಾರಿ ಅವರ ಕೊರಳಪಟ್ಟಿ ಹಿಡಿದ. ಅವರು ಅವನ ಕೂದಲು ಹಿಡಿದರು. ಇಬ್ಬರೂ ಐವತ್ತರ ಆಜುಬಾಜಿನ ಗಂಡಸರು, ಒದ್ದೆ ನೆಲದಲ್ಲಿ ಜಾರುತ್ತ, ಏದುಸಿರು ಬಿಡುತ್ತ, ತಗಡಿನ ಗೋಡೆಗೆ ಬಡಿದುಕೊಂಡರು. ತಗಡು ಗುಡುಗಿತು. ಚಾಚಾ ಕೈಯಲ್ಲಿದ್ದ ಗ್ಯಾಸ್ ಕಟರಿನ ಉರಿ ಆರಿಸದೆಯೇ ಅವರ ಮಧ್ಯೆ ನುಗ್ಗಿದ. ನೀಲಿ ನಾಲಿಗೆ ಇಬ್ಬರ ಮೂಗಿನ ಹತ್ತಿರ ಹಾಯಿತು.

"ಬಿಡ್ರಿ ಇಬ್ರೂ! ಅಲ್ಲಾ ಕಸಮ್, ಮೂಗು ಸೇರಿಸಿ ಬೆಸುಗಿ ಹಾಕ್ತೀನಿ! ಆಮ್ಯಾಲೆ ಒಂದೇ ಮೂಗಿನ್ಯಾಗ ಉಸಿರಾಡ್ರಿ!"

ಬಿಟ್ಟರು. ತಮ್ಮನ ಅಂಗಿಯ ತೋಳು ಹರಿದಿತ್ತು. ನಮ್ಮನೆಯವರ ಮುಷ್ಟಿಯಲ್ಲಿ ಅವನ ಕೂದಲು ನಾಲ್ಕೆಳೆ ಇತ್ತು. ನಾನು ಹರವಿಯ ಚೂರು ಆರಿಸುತ್ತ ಕೇಳಿದೆ: "ಭತ್ತದ ಚೀಲ ಕುಲುಕಿದ್ರ ಒಡ್ಯಂಗಿಲ್ಲ ಖರೆ. ಗ್ಯಾಸಿನ ಒಲಿ, ಎಣ್ಣಿ ಬಾಟ್ಲಿ, ನೀರಿನ ಡ್ರಮ್ಮು ಕುಲುಕಿದ್ರ?" ನಮ್ಮನೆಯವರು ಬಿದ್ದಿದ್ದ ಪಟ್ಟಿಯನ್ನು ಎತ್ತಿ ಬಿರುಕು ಬಿಟ್ಟಿದೆಯೇ ಎಂದು ಬಡಿದು ಕೇಳಿದರು. ನಾನು ಬುಕ್ಕಿನಲ್ಲಿ ಬರೆದೆ: ಕಮಾನು ಪಟ್ಟಿ ಹಾಕುವುದು.

ಗಾಲಿಗಳು ಜೀಪಿನವೇ ಇರಲಿ, ಒಂದು ಪಂಚರ್ ಆದರೆ ಇದರದ್ದು ಅದಕ್ಕೆ ಬರುತ್ತದೆ ಎಂಬುದು ತಮ್ಮನ ಮಾತು, ಅದು ನಡೆಯಿತು. ಜೀಪಿಗೆ ಸಿಕ್ಕಿಸುವಲ್ಲಿ ಉಂಡೆ ಕೊಂಡಿ ಬೇಡ, ಟ್ರ್ಯಾಕ್ಟರಿನ ಹಾಗೆ ಪಿನ್ನೇ ಇರಲಿ ಎಂಬುದು ನಮ್ಮನೆಯವರ ಮಾತು. ಅದೂ ನಡೆಯಿತು, ಆದರೆ ಅದಕ್ಕೆ ಮೊದಲು ಒಂದು ಸ್ಪಾನರು ಜೀಪಿನ ಮುಂದಿನ ಗಾಜಿಗೆ ಬಿದ್ದು ಗಾಜಿನಲ್ಲಿ ಜೇಡರ ಬಲೆ ಮೂಡಿತು. ಯಾರು ಎಸೆದರೆಂದು ನಾನು ಬರೆಯುವುದಿಲ್ಲ. ಅಂದು ಇಬ್ಬರೂ ಊಟ ಮಾಡಲಿಲ್ಲ. ರೊಟ್ಟಿಯನ್ನು ನಾನೂ ಚಾಚಾನೂ ತಿಂದೆವು.

ಅಡುಗೆಯ ಜಾಗ ಮಾತ್ರ ನಾನು ಹೇಳಿದ್ದು. ಭತ್ತದ ಸುಗ್ಗಿಯಲ್ಲಿ ನಮ್ಮ ಹೆಂಗಸರು ಟ್ರೇಲರಿನ ಹಿಂದಿನ ಫಳಿ, ಅಂದರೆ ಬಾಗಿಲ ಹಲಗೆ, ಇಳಿಸಿ, ಅದನ್ನೇ ಕಟ್ಟೆ ಮಾಡಿಕೊಂಡು, ನಿಂತಲ್ಲೇ ರೊಟ್ಟಿ ಬಡಿಯುತ್ತಾರೆ. ಇದರಲ್ಲೂ ಹಾಗೇ ಒಲೆ, ಸಿಲಿಂಡರು, ನೀರಿನ ಡ್ರಮ್ಮು ಎಲ್ಲ ಹಿಂದೆ ಇರಲಿ ಎಂದೆ. ಇಬ್ಬರೂ ತಕ್ಷಣ ಹೂಂ ಎಂದರು. ನನ್ನ ಮಾತಿಗೆ ಜಗಳವಿಲ್ಲದೆ ಹೂಂ ಎಂದದ್ದು ನನಗೆ ಎಷ್ಟು ಹಿಗ್ಗಾಯಿತೆಂದರೆ, ಆ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಉಳಿದದ್ದು ಅಚ್ಚಿನ ಜಾಗ. ನಮ್ಮ ಮಾವನವರು, ಎಂದರೆ ನಮ್ಮನೆಯವರ ತಂದೆ, ಬಂಡಿ ಕಟ್ಟುವ ಬಡಿಗರಾಗಿದ್ದರು. ಬಂಡಿ ಮುಗಿದ ಮೇಲೆ ಮೂಕಿಯನ್ನು, ಅಂದರೆ ನೊಗ ಕಟ್ಟುವ ಆ ಮುಂದಿನ ಮರವನ್ನು, ಎರಡೇ ಬೆರಳಿನಿಂದ ಎತ್ತಿ ನೋಡುತ್ತಿದ್ದರಂತೆ. ಎದ್ದರೆ ಸರಿ; ಇಲ್ಲದಿದ್ದರೆ ಎತ್ತುಗಳ ಕೊರಳ ಮೇಲೆ ಭಾರ ಬಿದ್ದು ಹೆಗಲು ಹುಣ್ಣಾಗುತ್ತದೆ. ನಮ್ಮನೆಯವರು ಟ್ರ್ಯಾಕ್ಟರಿಗೆ ಕಟ್ಟುವ ಟ್ರೇಲರಿನಲ್ಲಿ ಹಾಗೆ ಮಾಡುವುದಿಲ್ಲ, ಅಲ್ಲಿ ಭಾರವನ್ನು ಮುಂದಕ್ಕೇ ಕೊಡುತ್ತಾರೆ. ಆದರೆ ಈ ಜೀಪು ಟ್ರ್ಯಾಕ್ಟರಲ್ಲ.

"ಟ್ರ್ಯಾಕ್ಟರಂದ್ರ ಕ್ವಾಣ. ಎಷ್ಟು ಹೇರಿದ್ರೂ ಹೊರ್ತೈತಿ. ಇದು ಹೋರಿ, ಅದ್ರಾಗೂ ಮುದಿ ಹೋರಿ. ಇದ್ರ ಹೆಗಲ ಮ್ಯಾಲೆ ಏನೂ ಬೀಳಬಾರ್ದು," ಎಂದರು, ಮೊದಲ ಸಲ ಜೀಪಿನ ಬೆನ್ನು ತಟ್ಟಿ.

ತಮ್ಮನಿಗೆ ಆ ಜೀಪೆಂದರೆ ಜೀವ. ಅವನ ಮುಖ ಅರಳಿತು. ನನ್ನನ್ನು ಬಿಟ್ಟು ನೇರ ಅವರಿಗೇ ಹೇಳಿದ. "ಖರೆ ಮಾತು ಮಾವ. ಇದ್ರ ಹಿಂದಿನ ಕಮಾನು ಪಟ್ಟಿ ಮೊದ್ಲೇ ಕೂತಾವ. ಅಚ್ಚು ಸರೀ ನಡುವ ಹಾಕ್ರಿ."

"ಮಾವ" ಎಂದು ಮುಖ ನೋಡಿ ಕರೆದಿದ್ದ. ನಾನು ಬರೆಯುತ್ತಿದ್ದ ಪೆನ್ನು ಹಾಗೇ ನಿಂತಿತು. ಅಚ್ಚನ್ನು ನಡುವೆ ಬೆಸೆದರು. ಮುಗಿದ ದಿನ ನಮ್ಮನೆಯವರು ಕಬ್ಬಿಣದ ಮೂಕಿಯನ್ನು ಎರಡು ಬೆರಳಿನಿಂದ ಎತ್ತಿದರು, ಎದ್ದಿತು. ತಮ್ಮ ಎತ್ತಿದ, ಎದ್ದಿತು. ನನಗೂ ಎತ್ತಲು ಹೇಳಿದರು. ಮೂವರೂ ನಕ್ಕೆವು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಹೊರಟೆವು. ಮಸ್ಕಿ ದಾಟಿ, ಸಂತೆಕಲ್ಲೂರಿನ ಕಡೆಯ ಮಣ್ಣುದಾರಿ ಹಿಡಿದು, ಮಧ್ಯಾಹ್ನ ಲಿಂಗಸೂಗೂರಿನಲ್ಲಿ ತಮ್ಮನ ಮನೆಯಲ್ಲಿ ಊಟ. ತಮ್ಮನ ಹೆಂಡತಿ ಫೋನು ಮಾಡಿ, "ಅಕ್ಕಾರ, ಮಾವಾರು ಸಿಹಿ ಏನು ತಿಂತಾರ್‍ರೀ?" ಎಂದು ಕೇಳಿದ್ದಳು. ಹದಿನೆಂಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹೋಳಿಗೆ ಎಂದು ಹೇಳಿದೆ.

ಹೊರಡುವ ಮೊದಲು ಹಿಂದಿನ ಡ್ರಮ್ಮಿಗೆ ಪೈಪು ಹಚ್ಚಿ ನೀರು ತುಂಬಿಸಿದರು. ನೀರು ಏರುತ್ತ ಹೋದಂತೆ ಮೂಕಿ ಜೀಪಿನ ಕೊಂಡಿಯಿಂದ ತಾನಾಗಿಯೇ ಮೇಲೆದ್ದಿತು. ನಾನು ಅಲ್ಲೇ ನಿಂತಿದ್ದೆ, ನೋಡಿದೆ. ಚಾಚಾ ಕಾಲಿನಿಂದ ಅದನ್ನು ಕೆಳಗೊತ್ತಿ ಪಿನ್ನು ತೂರಿಸಿದ. ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಜೋಳದ ಚೀಲ ಕಟ್ಟಿದರೆ ಮುಂದಿನ ಗಾಲಿ ಹೇಗೆ ತೇಲುತ್ತದೆ ಎಂದು ಹಳ್ಳಿಯಲ್ಲಿ ಬೆಳೆದ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಬಾಯಿಗೆ ಬಂದಿತ್ತು. ಆದರೆ ಅತ್ತ ಬೇವಿನ ಗಿಡದ ಕೆಳಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿನ್ನುತ್ತಿದ್ದರು. ನಮ್ಮನೆಯವರು ತಮ್ಮ ಪಾಲಿನ ಮಿರ್ಚಿಯನ್ನು ಅವನ ಕಡೆ ದೂಡಿ, "ನಂಗ ಹಲ್ಲಿಲ್ಲಪ, ನೀ ತಿನ್ನು," ಎಂದರು. ಅವನು ನಗುತ್ತ ನಗುತ್ತ ಕೆಮ್ಮಿದ. ಆ ನಗೆಯನ್ನು ನಾನು ಕೆಡಿಸಲಿಲ್ಲ. ಅಚ್ಚಿನ ಜಾಗದ ಮಾತೆತ್ತಿದರೆ ಮತ್ತೆ ಸ್ಪಾನರು ಹಾರುತ್ತದೆ ಎಂದು ಸುಮ್ಮನೆ ಜೀಪು ಹತ್ತಿದೆ.

ಚಾಚಾ ಶೆಡ್ಡಿನಲ್ಲೇ ಉಳಿದ. ನಮ್ಮನೆಯವರು ಜೀಪು ಹತ್ತಲಿಲ್ಲ. ಹೊಸ ಟ್ರೇಲರು ಮೊದಲ ಸಲ ಹೊರಟಾಗ ಕಟ್ಟಿದವನು ಅದರ ಬಾಲದಲ್ಲಿ ಕೂತು ಹೋಗಬೇಕು, ಅಚ್ಚಿನ ಸದ್ದು ಕೇಳಬೇಕು. ನಮ್ಮ ಕಡೆಯ ಶೆಡ್ಡುಗಳ ಪದ್ಧತಿ ಅದು. ಅವರು ಹಿಂದಿನ ಫಳಿಯ ಮೇಲೆ, ಡ್ರಮ್ಮಿಗೆ ಬೆನ್ನು ಹಚ್ಚಿ, ಕಾಲು ಇಳಿಬಿಟ್ಟು ಕೂತರು. ಹೀಗೆ ಬಾಲದಲ್ಲಿ ನೀರು, ಸಿಲಿಂಡರು, ಒಲೆ, ಸಾಲದ್ದಕ್ಕೆ ಅವರು.

ಡಾಂಬರು ರಸ್ತೆಯಲ್ಲಿ ಏನೂ ಆಗಲಿಲ್ಲ. ಮಣ್ಣುದಾರಿಯಲ್ಲೂ ಏರಿನಲ್ಲಿ ಆಗಲಿಲ್ಲ. ಆಚೆ ಇಳಿಜಾರು ಬಂತು. ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು, ದಾರಿಯ ಪಕ್ಕ ಹೊಲದ ಬದುವಿಗೆ ಒಟ್ಟಿದ ಕಲ್ಲು. ಜೀಪು ಇಳಿಯತೊಡಗಿದಾಗ ಹಿಂದಿನಿಂದ ಯಾರೋ ಬಾಲ ಹಿಡಿದು ಅಲುಗಾಡಿಸಿದ ಹಾಗಾಯಿತು. ಎಡಕ್ಕೆ, ಬಲಕ್ಕೆ. ತಮ್ಮ ಬ್ರೇಕು ಒತ್ತಿದ. ಅದು ಇನ್ನೂ ಜೋರಾಯಿತು. ಜೀಪಿನ ಹಿಂಭಾಗ ನೆಲ ಬಿಟ್ಟು ಏಳುತ್ತಿತ್ತು, ಬೀಳುತ್ತಿತ್ತು. "ಮಾವಾ, ಜಿಗೀರಿ! ಜಿಗೀರಿ!" ಎಂದು ತಮ್ಮ ಅರಚಿದ. ನಾನು ಹಿಂತಿರುಗಿ ನೋಡಿದೆ. ಟ್ರೇಲರು ದಾರಿಗೆ ಅಡ್ಡವಾಗಿ ನಮ್ಮ ಪಕ್ಕಕ್ಕೇ ಬರುತ್ತಿತ್ತು. ಆಮೇಲೆ ಒಂದು ಸದ್ದು, ಪಿನ್ನು ತೂರಿಸಿದ ಕಬ್ಬಿಣದ ಕಿವಿ ಹರಿದ ಸದ್ದು, ಜೀಪು ಬದುವಿಗೆ ಮೂತಿ ಕೊಟ್ಟು ನಿಂತಿತು. ತಮ್ಮನ ಹಣೆ ಸ್ಟೇರಿಂಗಿಗೆ ಬಡಿಯಿತು. ಹಿಂದೆ ಟ್ರೇಲರು ಮಗುಚಿ, ಒಂದು ಸುತ್ತು ಸುತ್ತಿ, ಜೋಳದ ಬೆಳೆಯನ್ನು ನೆಲಕ್ಕೆ ಅರೆಯುತ್ತ ಹೋಗಿ ಪಕ್ಕೆಯ ಮೇಲೆ ಬಿತ್ತು. ಡ್ರಮ್ಮು ಹೊಲದಲ್ಲಿ ಉರುಳಿ ಹೋಗುತ್ತಲೇ ಇತ್ತು.

ನಮ್ಮನೆಯವರು ಬದುವಿನ ಕಲ್ಲುಗಳ ಮೇಲೆ ಬಿದ್ದಿದ್ದರು. ಬಲಭುಜದ ಮುಂದೆ ಎಲುಬು ಚರ್ಮದ ಕೆಳಗೆ ಗೂಟದ ಹಾಗೆ ಎದ್ದಿತ್ತು. ಗದ್ದದಿಂದ ರಕ್ತ. ನಾನು ಸೆರಗು ಒತ್ತಿ ಹಿಡಿದೆ. ಅವರು ಮೊದಲು ಹೇಳಿದ ಮಾತು ತಮ್ಮನಿಗೆ.

"ಕೊಲ್ಲಾಕ ಕರ್ಕೊಂಡು ಬಂದೆಲ್ಲೋ ನೀ! ಹಲ್ಲು ಸಾಕಾಗ್ಲಿಲ್ಲೇನಲೇ ನಿನಗ!"

ತಮ್ಮನ ಹುಬ್ಬು ಸೀಳಿ ಒಂದು ಕಣ್ಣು ಮುಚ್ಚಿತ್ತು. "ಎತ್ತಿನ ಬಂಡಿ ಕಟ್ಟಿದಾಂವ ನೀನು! ಬ್ರೇಕು ಹಿಡಿದ್ರ ನನ್ನ ಜೀಪೇ ಎತ್ತಿ ಒಗೀತು!"

"ನಡುವ ಹಾಕ್ರಿ ಅಂದಾಂವ ಯಾರಲೇ?"

ನಮ್ಮನೆಯವರು ಎಡಗೈಗೆ ಸಿಕ್ಕ ಕಲ್ಲು ಎಸೆದರು. ಅದು ತಮ್ಮನ ಬಾಯಿಗೆ ಬಿತ್ತು. ಅವನು ರಕ್ತ ಉಗುಳಿ, ಜೀಪಿನ ಹಿಂದಿನಿಂದ ಕಬ್ಬಿಣದ ರಾಡು ಎಳೆದುಕೊಂಡು ಬಂದ. ಬಿದ್ದವನ ಮೇಲೆ ಎತ್ತಿದ. ಅವನ ಕಣ್ಣು ಏನನ್ನೂ ನೋಡುತ್ತಿರಲಿಲ್ಲ. ನಾನು ಗಂಡನ ಮೇಲೆ ಅಡ್ಡ ಬಿದ್ದೆ.

"ನಂಗ ಗೊತ್ತಿತ್ತು!" ಎಂದೆ. "ನೀರು ತುಂಬುವಾಗ ಮೂಕಿ ಎದ್ದಿದ್ದು ನಾ ನೋಡೀನಿ. ನೋಡಿ ಸುಮ್ನಾದೆ. ಒಲಿ ಡ್ರಮ್ಮು ಹಿಂದಿಡ್ರಿ ಅಂದಾಕಿನೂ ನಾನ. ಹೊಡ್ಯೋದಿದ್ರ ನಂಗ ಹೊಡಿ."

ರಾಡು ಕೆಳಗೆ ಬಿತ್ತು. ಎತ್ತಿದ ಕೈ ಮಾತ್ರ ಇಳಿಯಲಿಲ್ಲ. ನನ್ನ ತಮ್ಮ ನನ್ನ ರಟ್ಟೆ ಹಿಡಿದು ಎಬ್ಬಿಸಿ ಕಪಾಳಕ್ಕೆ ಹೊಡೆದ. "ನೋಡಿ ಸುಮ್ನಿದ್ದೆ? ನೋಡಿ ಸುಮ್ನಿದ್ದೆ?" ಎಂದು ಇನ್ನೊಂದು ಹೊಡೆದ. ಎರಡೂ ಎಡಗಡೆಗೇ ಬಿದ್ದವು, ಮೊದಲೇ ಕೆಟ್ಟ ಕಿವಿಗೆ. ನನ್ನ ಬಾಯಲ್ಲಿ ಉಪ್ಪಿನ ರುಚಿ ಬಂತು.

ಆಗ ಕಲ್ಲುಗಳ ಮೇಲಿಂದ ನಮ್ಮನೆಯವರ ದನಿ ಬಂತು. ನೋವಿಗೆ ಹಲ್ಲು ಕಚ್ಚಿ, ಒಂದೊಂದೇ ಶಬ್ದ.

"ಈಗ ನಿನ್ನ ಹಲ್ಲು ಯಾರು ಮುರೀಬೇಕು ಹೇಳಪಾ, ಮಾಸ್ತರ?"

ತಮ್ಮ ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಬಗ್ಗಿ, ಅವರನ್ನು ಬೆನ್ನ ಮೇಲೆ ಹೊತ್ತು ಜೀಪಿಗೆ ತಂದು ಮಲಗಿಸಿದ. ಅವರು ಪ್ರತಿ ಹೆಜ್ಜೆಗೂ ಅವನ ಕಿವಿಯ ಹತ್ತಿರ ಬೈದರು. ಅವನು ಬೈಸಿಕೊಂಡ. ಲಿಂಗಸೂಗೂರಿನ ಆಸ್ಪತ್ರೆಯಲ್ಲಿ ಎಲುಬು ಕಟ್ಟಿಸಿ, ಹೆಂಡತಿ ತಂದ ಹೋಳಿಗೆಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ನನ್ನ ಮುಖ ನೋಡದೆ ಹೋದ.

ಅದಾದ ಮೇಲೆ ಅವನು ಬರಲಿಲ್ಲ. ಫೋನು ಎತ್ತಲಿಲ್ಲ. ಅವನ ಹೆಂಡತಿ ಎತ್ತಿ, "ಅನ್ನ ಕಲಸಿ ಹಂಗೇ ಎದ್ದು ಹೋಗ್ತಾರ್‍ರೀ ಅಕ್ಕಾರ," ಎಂದಳು. ನನಗೆ ಸಿಟ್ಟೂ ಇತ್ತು. ಹದಿನೆಂಟು ವರ್ಷ ಯಾವ ಕೈಗಾಗಿ ಅವನು ನನ್ನ ಮನೆ ಬಿಟ್ಟಿದ್ದನೋ ಅದೇ ಕೈ ಅವನ ಮೈಯಲ್ಲೂ ಇತ್ತು. ಶಾಲೆಯಲ್ಲಿ ಮಗ್ಗಿ ಬರೆಸುವಾಗ, ಬಸ್ಸಿಗೆ ಕಾಯುವಾಗ, ಹಿಟ್ಟು ನಾದುವಾಗ ಅದೇ ಯೋಚನೆ. ಹಾಗೆಂದು ಅವನನ್ನು ಬಿಡಲೂ ಮನಸ್ಸಿರಲಿಲ್ಲ. ಮೊದಲು ಬಾಗಿಲು ಗಂಡನ ಕಡೆಯಿಂದ ಮುಚ್ಚಿತ್ತು; ಈಗ ತಮ್ಮನೇ ಆಚೆಯಿಂದ ಎಳೆದುಕೊಂಡಿದ್ದ.

ಟ್ರೇಲರನ್ನು ಯಾರದೋ ಟ್ರ್ಯಾಕ್ಟರಿನಿಂದ ಎಳೆಸಿ ತಂದು ಶೆಡ್ಡಿನ ಮುಂದೆ ಕೆಡವಿದ್ದರು. ಪಕ್ಕೆಯ ಮೇಲೆ ಬಿದ್ದೇ ಇತ್ತು. ಒಂದು ಗಾಲಿ ಕೆಳಗೆ, ಒಂದು ಗಾಲಿ ತಲೆಯೆತ್ತರಕ್ಕೆ, ನಡುವೆ ಅಚ್ಚು ಕಂಬದ ಹಾಗೆ ನೆಟ್ಟಗೆ. ಮೂರು ವಾರ ನಮ್ಮನೆಯವರು ಅದರ ಕಡೆ ನೋಡಲಿಲ್ಲ. ನಾಲ್ಕನೆಯ ಭಾನುವಾರ ನಾನು ಬುತ್ತಿ ತಂದಾಗ, ಬಲಗೈ ಕೊರಳಿಗೆ ಕಟ್ಟಿಕೊಂಡೇ, ಎಡಗೈಯಲ್ಲಿ ಗ್ಯಾಸ್ ಕಟರು ಹಿಡಿದು ನಿಂತಿದ್ದರು. ಪೆಟ್ಟಿಗೆಯ ತಗಡನ್ನು ಆಗಲೇ ಅಡ್ಡಾದಿಡ್ಡಿ ಸೀಳಿದ್ದರು. ಬಣ್ಣ ಸುಟ್ಟು ಕರಿಯ ಹೊಗೆ ಏಳುತ್ತಿತ್ತು. ಹಿಂದಿನ ಫಳಿ ನಾಲ್ಕು ತುಂಡಾಗಿ ಬಿದ್ದಿತ್ತು.

"ಅಕ್ಕಾರ, ನಾ ಹೇಳಿದ್ರ ಕೇಳವಲ್ರು," ಎಂದ ಚಾಚಾ, ದೂರ ನಿಂತು. "ಎಲ್ಲಾ ಗುಜರಿ ಮಾಡ್ತೀನಿ ಅಂತಾರ. ಇವತ್ತೇ ಹೊರಗ ಹೋಗ್ಬೇಕಂತ."

"ಹೋಗ್ಬೇಕು!" ಎಂದು ಅವರು ಕೂಗಿದರು. "ಇದು ಕಣ್ಣ ಮುಂದಿದ್ರ ನಾ ಹುಚ್ಚ ಆಗ್ತೀನಿ. ನಿನ್ನ ತಮ್ಮನ ಹೆಸ್ರೂ ಬ್ಯಾಡ, ಅವನ ಗಾಡಿನೂ ಬ್ಯಾಡ!"

ಕಿಡಿಗಳು ಕಾಲ ಬಳಿ ಚೆಲ್ಲುತ್ತಿದ್ದವು. ಅವರು ಮೂಕಿಯ ಬುಡಕ್ಕೆ ಉರಿ ಹಿಡಿದರು. ಅದೊಂದು ಹೋದರೆ ಮುಗಿಯಿತು. ಮೂಕಿಯಿಲ್ಲದ ಟ್ರೇಲರಿಗೆ ಯಾರೂ ಬರುವುದಿಲ್ಲ. ನಾನು ಬುತ್ತಿ ಇಟ್ಟು, ಹೋಗಿ ಮೂಕಿಯ ಮೇಲೆಯೇ ಕೂತೆ. ಕಬ್ಬಿಣ ಸೀರೆಯೊಳಗಿಂದ ಸು‌ಟ್ಟಿತು. ಉರಿ ನನ್ನ ಮೊಣಕಾಲಿನಿಂದ ಒಂದು ಮೊಳ ದೂರವಿತ್ತು.

"ಏಳಲೇ!"

"ಏಳಂಗಿಲ್ಲ."

"ಸುಟ್ಟು ಹೋಗ್ತಿ!"

"ಹೋಗ್ತೀನಿ. ಮೊದ್ಲು ನನ್ನ ಮಾತು ಕೇಳ್ರಿ. ಕೊಯ್ಯೋ ಮನಸು ಅಷ್ಟು ಇದ್ರ ಇಲ್ಲಿ ಕೊಯ್ಯಬ್ಯಾಡ್ರಿ. ಅಲ್ಲಿ ಕೊಯ್ರಿ." ಅಚ್ಚು ಮತ್ತು ಚೌಕಟ್ಟು ಕೂಡುವ ಜಾಗ ತೋರಿಸಿದೆ. "ಕಮಾನು ಹಿಡಿದ ನಾಕೂ ಕಿವಿ ಕೊಯ್ರಿ. ಅಚ್ಚು ಒಂದು ಗೇಣು ಹಿಂದಕ ಹೋಗ್ಬೇಕು. ನೀರು ಮುಂದಕ ಬರ್ಬೇಕು. ಜೀಪಿನ ಹೆಗಲಿಗೆ ಭಾರ ಬೀಳ್ಲಿ. ಅದು ಹೋರಿ ಅಲ್ರಿ. ಕಬ್ಬಿಣ ಅದು."

ಅವರು ಕಟರಿನ ತಿರುಪು ತಿರುಗಿಸಿದರು, ಉರಿ 'ಟಪ್' ಎಂದು ಆರಿತು. ಹೋಗಿ ಅಚ್ಚನ್ನು ಮೇಲಿಂದ ಕೆಳಗೆ ನೋಡಿದರು. ಕಾಲಿನಿಂದ ಒದ್ದು ನೋಡಿದರು.

"ಕಿವಿ ಕೊಯ್ದ್ರ ಮ್ಯಾಲಿನ ಗಾಲಿ ಸಮೇತ ಅಚ್ಚು ನನ್ನ ಮ್ಯಾಲೆ ಬೀಳ್ತೈತಿ. ಒಂದ ಕೈ ಐತಿ ನಂಗ. ಹಿಡಿಯೋರು ಯಾರು?"

"ನನ್ನ ಕಡೆ ನೋಡಬ್ಯಾಡ್ರಿ," ಎಂದ ಚಾಚಾ. "ನನ್ನ ಎಲುಬು ಚಾದಾಗ ಅದ್ದಿದ ಬಿಸ್ಕೀಟು ಆಗ್ಯಾವ."

ನಾನು ಫೋನು ತೆಗೆದೆ. ತಮ್ಮನ ಹೆಂಡತಿಗೆ ಹೇಳಿದೆ, ಫೋನನ್ನು ಅವನ ಕಿವಿಗೆ ಒತ್ತಿ ಹಿಡಿ ಎಂದು. ಅವನ ಉಸಿರು ಕೇಳಿಸಿತು.

"ಅಚ್ಚು ಹಿಡಿಯಾಕ ಒಬ್ರು ಬೇಕಾಗ್ಯಾರ. ಬಾ," ಎಂದೆ.

"ಯಾವ ಮುಖ ಇಟ್ಕೊಂಡು ಬರ್ಲಿ ಅಕ್ಕ?"

"ಮುಖ ಅಲ್ಲೇ ಬಿಟ್ಟು ಬಾ. ರಟ್ಟಿ ಇದ್ರ ಸಾಕು."

ಎರಡು ತಾಸಿನ ಮೇಲೆ ಮೂತಿ ನೆಗ್ಗಿದ ಜೀಪು ಬಂತು. ಅವನು ಇಳಿದು ಗೇಟಿನ ಆಚೆ ನಿಂತ. ತುಟಿಯ ಮೇಲೆ ಕಲ್ಲಿನ ಗಾಯ ಇನ್ನೂ ಕಪ್ಪಾಗಿತ್ತು. ನಾನು ಗೇಟು ಪೂರಾ ತೆಗೆಯಲಿಲ್ಲ.

"ನಂಗ ಗೊರೇಬಾಳದಾಗ ನೌಕ್ರಿ ಐತಿ. ಅಲ್ಲೇ ಒಂದು ಖೋಲಿ ಹಿಡ್ಯಾಕ ನಂಗ ಯಾರ ಹುಕುಂ ಬ್ಯಾಡ," ಎಂದೆ. "ಇನ್ನೊಮ್ಮೆ ಯಾರದರ ಕೈ ನನ್ನ ಮ್ಯಾಲೆ ಬಂದ್ರ, ನಿಮ್ಮಿಬ್ರಿಗೂ ನಾ ಇಲ್ಲ. ಆಮ್ಯಾಲೆ ಇಬ್ರೂ ಕೂಡಿ ರೊಟ್ಟಿ ಬಡ್ಕೊಳ್ರಿ. ಇದು ಅವಗೂ ಹೇಳಿದ್ದು, ನಿಮಗೂ ಹೇಳಿದ್ದು ರೀ, ಆ ಕಡೆ ನೋಡಬ್ಯಾಡ್ರಿ."

ತಮ್ಮ ಹೂಂ ಎಂದು ತಲೆಯಾಡಿಸಿದ. ನಾನು ಗೇಟು ತೆಗೆದೆ.

ಅವನು ಮೇಲಿನ ಗಾಲಿಯನ್ನು ಎರಡೂ ತೋಳಿನಿಂದ ಅಪ್ಪಿ ಹಿಡಿದ. ನಾನು ಕೆಳಗಿನ ಗಾಲಿಗೆ ಕಲ್ಲು ಒತ್ತುಗೊಟ್ಟು ಬೆನ್ನು ಆನಿಸಿ ಕೂತೆ. ನಮ್ಮನೆಯವರು ಎಡಗೈಯಿಂದ ಉರಿ ಹಚ್ಚಿದರು. ಮೊದಲ ಕಿವಿ ಹೋಯಿತು. ಕರಗಿದ ಕಬ್ಬಿಣದ ಹನಿಗಳು ತಮ್ಮನ ಮೊಣಕೈಗೆ ಸಿಡಿದವು. ಚರ್ಮ ಸುಟ್ಟ ವಾಸನೆ ನನಗೆ ಬಂತು. ಅವನು ತಾಯಿ ತಂದೆ ಎಲ್ಲರನ್ನೂ ನೆನೆದು ಬೈದ, ಗಾಲಿ ಬಿಡಲಿಲ್ಲ.

"ಆ ಗೋಣಿಚೀಲ ಹಸಿ ಮಾಡಿ ಅವನ ಕೈ ಮ್ಯಾಲೆ ಒಗಿ ಚಾಚಾ!" ಎಂದು ನಮ್ಮನೆಯವರು ಕಿರುಚಿದರು. "ಬಿಟ್ಟಿ ಅಂದ್ರ ನನ್ನ ತಲಿ ಒಡೀತೈತಿ ನೋಡಲೇ!"

"ನಿನ್ನ ತಲಿಗೆ ಏನಾಗ್ತೈತಿ ಮಾವ, ಅದೂ ಇದೇ ಕಬ್ಬಿಣ ಐತಿ. ಕೊಯ್ಯಿ ನೀ, ಲಗೂ ಕೊಯ್ಯಿ!"

ಎರಡನೆಯದು ಹೋಯಿತು. ಮೂರನೆಯದು. ನಾಲ್ಕನೆಯ ಕಿವಿ ಕೆಂಪಾಗಿ, ಬಿಳಿಯಾಗಿ, ಕಿತ್ತುಕೊಂಡಾಗ ಅಚ್ಚಿನ ಇಡೀ ಭಾರ ಒಮ್ಮೆಲೇ ತಮ್ಮನ ಎದೆಯ ಮೇಲೆ ಬಂತು. ಅವನ ಕಾಲು ಜಾರಿತು. ನಮ್ಮನೆಯವರು ಕಟರನ್ನು ಎಸೆದು ಮುರಿಯದ ಎಡಭುಜವನ್ನು ಗಾಲಿಯ ಕೆಳಗೆ ಕೊಟ್ಟರು. ಮುರಿದ ಭುಜದ ನೋವಿಗೆ ಅವರ ಬಾಯಿಂದ ಪ್ರಾಣಿಯ ಹಾಗೆ ಒಂದು ಸದ್ದು ಬಂತು. ಇಬ್ಬರ ತಲೆಗಳೂ ಒಂದಕ್ಕೊಂದು ಬಡಿದವು. ಚಾಚಾ "ಯಾ ಅಲ್ಲಾ" ಎನ್ನುತ್ತ ಉರಿಯುತ್ತಿದ್ದ ಕಟರಿನ ಕಡೆ ಓಡಿದ.

"ಎತ್ತಗ ಅಕ್ಕ?" ಎಂದ ತಮ್ಮ, ಹಲ್ಲು ಕಚ್ಚಿ.

"ಹಿಂದಕ," ಎಂದೆ. ಅವರು ಒಂದು ಹೆಜ್ಜೆ ಇಟ್ಟರು. "ಇನ್ನಾ ಸ್ವಲ್ಪ ಹಿಂದಕ. ಆಂ, ಅಲ್ಲೇ ಇಳಿಸ್ರಿ. ಸಾವಕಾಶ."